ಮನೆತನದಲ್ಲಿ ಉಂಟು ಎಂದರೆ ಎಷ್ಟು ಉಂಟು? ಸ್ಕಿಜೋಫ್ರೇನಿಯಾ, ವಂಶವಾಹಿ ಮತ್ತು ಮಿದುಳು

(ಕಾಸರಗೋಡು ಜಿಲ್ಲೆಯ ಬದಿಯಡ್ಕ ಆಸುಪಾಸಿನ ಆಶಾ ಕಾರ್ಯಕರ್ತೆಯರು, ಶಾಲಾ ಶಿಕ್ಷಕರು ಮತ್ತು ರೋಗಿಗಳ ಮನೆಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಆಯಾ ಜಾಗದಲ್ಲೇ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

“ಅವರ ಮನೆತನದಲ್ಲಿ ಅದು ಉಂಟಂತೆ.” ಹೆಣ್ಣು ನೋಡುವ ಹೊತ್ತಿಗೆ ಈ ಒಂದು ಮಾತು ಕಿವಿಗೆ ಬಿದ್ದರೆ ಸಂಬಂಧ ಅಲ್ಲಿಗೆ ನಿಂತಿತು. ‘ಅದು’ ಎಂದರೆ ಏನು, ಯಾರಿಗೆ ಬಂದಿತ್ತು, ಯಾವ ಪ್ರಾಯದಲ್ಲಿ, ಅವರು ಹುಡುಗಿಗೆ ಏನಾಗಬೇಕು ಎಂದು ಯಾರೂ ಕೇಳುವುದಿಲ್ಲ. ಅಜ್ಜನ ತಮ್ಮನಿಗೆ ಇದ್ದರೂ ಒಂದೇ, ಒಡಹುಟ್ಟಿದ ಅಣ್ಣನಿಗೆ ಇದ್ದರೂ ಒಂದೇ. ಆ ‘ಉಂಟು’ ಎಂಬುದನ್ನು ಇವತ್ತು ಅಳೆದು ನೋಡೋಣ. ಎಷ್ಟು ಉಂಟು, ವಂಶವಾಹಿಯಲ್ಲಿ ಎಲ್ಲಿ ಉಂಟು, ಮಿದುಳಿನ ಸ್ಕ್ಯಾನಿನಲ್ಲಿ ಅದು ಕಾಣುತ್ತದೆಯೇ.

ಕಾಯಿಲೆಯ ಬಗ್ಗೆ ಮೊದಲು ಎರಡು ಮಾತು. ಸ್ಕಿಜೋಫ್ರೇನಿಯಾ ಹೆಚ್ಚಾಗಿ ಹದಿಹರೆಯದ ಕೊನೆಯಿಂದ ಮೂವತ್ತರ ಒಳಗೆ ಶುರುವಾಗುತ್ತದೆ. ಹೆಂಗಸರಲ್ಲಿ ಕೆಲವು ವರ್ಷ ತಡ. ಯಾರೂ ಇಲ್ಲದಿದ್ದರೂ ಮಾತು ಕೇಳಿಸುವುದು, ನೆರೆಮನೆಯವರು ತನ್ನ ಮೇಲೆ ಕಣ್ಣಿಟ್ಟಿದ್ದಾರೆ ಎಂಬ ಗಟ್ಟಿ ನಂಬಿಕೆ, ಒಂದಕ್ಕೊಂದು ತಾಳೆಯಾಗದ ಮಾತು, ಇವು ಹೊರಗೆ ಕಾಣುವ ಲಕ್ಷಣಗಳು. ಮೀಯದೆ ಕೂರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು, ಲೆಕ್ಕಾಚಾರದ ಕೆಲಸ ಕೈತಪ್ಪುವುದು ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಮನೆಯವರು ಅದನ್ನು ಉದಾಸೀನ ಎನ್ನುತ್ತಾರೆ. ನೂರು ಜನರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಜೀವಮಾನದಲ್ಲಿ ಈ ಕಾಯಿಲೆ ಬರುತ್ತದೆ.

ಎಂಡೋಸಲ್ಫಾನ್ ಕೀಟನಾಶಕದ ನೋವುಂಡ ಜಿಲ್ಲೆ ನಮ್ಮದು, ಆದ್ದರಿಂದ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಎಳವೆಯಿಂದಲೇ ಬುದ್ಧಿ ಬೆಳವಣಿಗೆ ನಿಧಾನವಾಗಿರುವುದು ಒಂದು. ಚೆನ್ನಾಗಿ ಓದುತ್ತಿದ್ದ ಹುಡುಗ ಪ್ಲಸ್ ಟು ಮುಗಿಸುವಷ್ಟರಲ್ಲಿ ಬೇರೆಯೇ ಆಗಿಬಿಡುವುದು ಇನ್ನೊಂದು. ‘ಮಂಡೆ ಸಮ ಇಲ್ಲ’ ಎಂಬ ಒಂದೇ ಮಾತಿನಲ್ಲಿ ಎರಡನ್ನೂ ಸೇರಿಸಬೇಡಿ. ಎರಡೂ ಒಬ್ಬರಲ್ಲೇ ಇದ್ದರೆ ಒಂದು ವಿಶೇಷ ಪರೀಕ್ಷೆ ಬೇಕಾಗುತ್ತದೆ, ಅದನ್ನು ಮುಂದೆ ಹೇಳುತ್ತೇವೆ.

ಈಗ ಲೆಕ್ಕ. ಯೂರೋಪಿನಲ್ಲಿ ಹತ್ತಾರು ವರ್ಷ ನಡೆದ ಕುಟುಂಬ ಅಧ್ಯಯನಗಳನ್ನು ಒಟ್ಟುಗೂಡಿಸಿ ಇರ್ವಿಂಗ್ ಗಾಟ್ಸ್‌ಮನ್ 1991ರಲ್ಲಿ ಕೊಟ್ಟ ಅಂಕಿಗಳು ಇಂದಿಗೂ ಬಳಕೆಯಲ್ಲಿವೆ. ಸೋದರಮಾವನಿಗೋ ಚಿಕ್ಕಪ್ಪನಿಗೋ ಇದ್ದರೆ ಒಬ್ಬರಿಗೆ ಅದು ಬರುವ ಸಾಧ್ಯತೆ ನೂರಕ್ಕೆ ಸುಮಾರು 4. ಅತ್ತೆಯ ಮಗ, ದೊಡ್ಡಪ್ಪನ ಮಗಳು, ಇಂಥ ದೂರದವರಿಗೆ ಇದ್ದರೆ 2, ಅಂದರೆ ಊರಿನ ಯಾರಿಗೂ ಇರುವುದಕ್ಕಿಂತ ಒಂದೇ ಹೆಚ್ಚು. ಒಡಹುಟ್ಟಿದವರಿಗೆ ಇದ್ದರೆ 9. ತಂದೆ ಅಥವಾ ತಾಯಿ ಒಬ್ಬರಿಗೆ ಇದ್ದರೆ 13, ಇಬ್ಬರಿಗೂ ಇದ್ದರೆ 46. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ 48. ಆಮೇಲೆ ಡೆನ್ಮಾರ್ಕಿನವರು ಇಡೀ ದೇಶದ ಆಸ್ಪತ್ರೆ ದಾಖಲೆ ತೆರೆದು ಎಣಿಸಿದಾಗ ಅಂಕಿಗಳು ಇನ್ನೂ ಇಳಿದವು. ಹೆತ್ತವರಲ್ಲಿ ಒಬ್ಬರಿಗಿದ್ದರೆ 7, ಇಬ್ಬರಿಗೂ ಇದ್ದರೆ 27, ತದ್ರೂಪಿ ಅವಳಿಗೆ 33.

ಈ ಅಂಕಿಗಳನ್ನು ಮಗುಚಿ ಓದಿ. ಅಣ್ಣನಿಗೆ ಕಾಯಿಲೆ ಇರುವ ನೂರು ತಂಗಿಯರನ್ನು ಸಾಲಾಗಿ ನಿಲ್ಲಿಸಿದರೆ 91 ಮಂದಿಗೆ ಅದು ಬರುವುದೇ ಇಲ್ಲ. ಮದುವೆ ಮುರಿಯುವಾಗ ಯಾರೂ ಈ 91ರ ಸುದ್ದಿ ಎತ್ತುವುದಿಲ್ಲ. ಇನ್ನೊಂದನ್ನೂ ನೆನಪಿಡಿ. ಕಾಯಿಲೆ ಇರುವ ನೂರು ಮಂದಿಯಲ್ಲಿ ಅರುವತ್ತಕ್ಕೂ ಹೆಚ್ಚು ಮಂದಿಯ ಹತ್ತಿರದ ನೆಂಟರಲ್ಲಿ ಯಾರಿಗೂ ಅದಿಲ್ಲ. “ನಮ್ಮಲ್ಲಿ ಯಾರಿಗೂ ಇರಲಿಲ್ಲ, ಆದ್ದರಿಂದ ಇದು ಮಾಟವೇ” ಎಂಬ ತೀರ್ಮಾನಕ್ಕೆ ಬುಡವಿಲ್ಲ.

ಶೇಕಡಾ 80ರಷ್ಟು ವಂಶಪಾರಂಪರ್ಯ ಎಂದು ಪತ್ರಿಕೆಗಳಲ್ಲಿ ಓದಿರುತ್ತೀರಿ. 2018ರ ಡ್ಯಾನಿಶ್ ಅವಳಿ ಅಧ್ಯಯನವೂ ಶೇಕಡಾ 79 ಎಂದೇ ಹೇಳಿತು. ಅದೇ ಅಧ್ಯಯನದಲ್ಲಿ ತದ್ರೂಪಿ ಅವಳಿಗೆ ಬರುವ ಸಾಧ್ಯತೆ ಮಾತ್ರ 33. ಒಂದಕ್ಕೊಂದು ಹೊಂದುವುದಿಲ್ಲವಲ್ಲ ಎಂದು ಒಬ್ಬ ಶಿಕ್ಷಕರು ಕೇಳಿದರು. ಅಡಿಕೆ ತೋಟಕ್ಕೆ ಬನ್ನಿ. ಒಂದೇ ಮಣ್ಣು, ಒಂದೇ ನೀರು, ಒಂದೇ ಗೊಬ್ಬರ ಕೊಟ್ಟ ತೋಟದಲ್ಲಿ ಒಂದು ಮರ ಹೆಚ್ಚು ಗೊನೆ ಬಿಡುತ್ತದೆ, ಇನ್ನೊಂದು ಕಡಿಮೆ. ಆ ವ್ಯತ್ಯಾಸದ ಬಹುಪಾಲು ಬೀಜದ ಗುಣದಿಂದ ಬಂದದ್ದು ಎನ್ನುತ್ತೇವೆ. ಅದು ಇಡೀ ತೋಟದ ಮರಮರಗಳ ನಡುವಿನ ಅಂತರದ ಲೆಕ್ಕ. ಇಗೋ ಈ ಒಂದು ಮರ ಎಷ್ಟು ಅಡಿಕೆ ಕೊಡುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. 79 ಎಂಬುದು ತೋಟದ ಲೆಕ್ಕ, 33 ಎಂಬುದು ಮರದ ಲೆಕ್ಕ. ಡಿಎನ್‌ಎ ಅಷ್ಟಕ್ಕಷ್ಟೇ ಒಂದೇ ಆಗಿದ್ದರೂ ಮೂವರಲ್ಲಿ ಇಬ್ಬರು ಅವಳಿಗಳು ಪಾರಾಗುತ್ತಾರೆ ಎಂಬುದು ನಮ್ಮ ಪಾಲಿಗೆ ದೊಡ್ಡ ಸುದ್ದಿ.

ಸಾಕಿದ ರೀತಿಯಿಂದ ಹೀಗಾಯಿತು ಎಂಬ ಆರೋಪಕ್ಕೆ ಇಲ್ಲಿಯೇ ಉತ್ತರ ಕೊಡಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಅದನ್ನು ಹೊರುವವಳು ತಾಯಿ. ಕಳೆದ ಶತಮಾನದ ನಡುವಿನಲ್ಲಿ ಅಮೆರಿಕದ ಮನೋವೈದ್ಯರೇ ಈ ಕಾಯಿಲೆಗೆ ತಾಯಿಯ ಸ್ವಭಾವ ಕಾರಣ ಎಂದು ಬರೆಯುತ್ತಿದ್ದರು. 1966ರಲ್ಲಿ ಲಿಯೊನಾರ್ಡ್ ಹೆಸ್ಟನ್ ಎಂಬ ವೈದ್ಯರು ಸ್ಕಿಜೋಫ್ರೇನಿಯಾ ಇದ್ದ ತಾಯಂದಿರಿಗೆ ಹುಟ್ಟಿ, ಹುಟ್ಟಿದ ಕೆಲವೇ ದಿನಗಳಲ್ಲಿ ಬೇರೆ ಕಡೆ ಬೆಳೆಯಲು ಹೋದ 47 ಮಕ್ಕಳನ್ನು ದೊಡ್ಡವರಾದ ಮೇಲೆ ಹುಡುಕಿ ನೋಡಿದರು. ಐವರಿಗೆ ಕಾಯಿಲೆ ಬಂದಿತ್ತು. ಅದೇ ರೀತಿ ಬೆಳೆದ, ಆದರೆ ತಾಯಿಗೆ ಕಾಯಿಲೆ ಇಲ್ಲದ 50 ಮಕ್ಕಳಲ್ಲಿ ಒಬ್ಬರಿಗೂ ಇರಲಿಲ್ಲ. ಆ ಐವರು ಅಮ್ಮನ ಮಡಿಲಲ್ಲಿ ಬೆಳೆದವರೇ ಅಲ್ಲ. ತಾಯಿಯನ್ನು ದೂರುವ ವಾದಕ್ಕೆ ಇನ್ನು ಜಾಗವಿಲ್ಲ.

ಹಾಗಾದರೆ ವಂಶವಾಹಿಯಲ್ಲಿ ಅದು ಎಲ್ಲಿದೆ? ಸುಮಾರು 30 ವರ್ಷ ಎಲ್ಲರೂ ಹುಡುಕಿದ್ದು ಒಂದು ದೊಡ್ಡ ಜೀನನ್ನು. ಸ್ಕಾಟ್ಲೆಂಡಿನ ಒಂದು ಕುಟುಂಬದಲ್ಲಿ 1ನೇ ಮತ್ತು 11ನೇ ವರ್ಣತಂತುಗಳ (ಕ್ರೋಮೋಸೋಮ್) ತುಂಡುಗಳು ಅದಲುಬದಲಾಗಿದ್ದವು, ಅದನ್ನು ಪಡೆದವರಲ್ಲಿ ಮನೋರೋಗಗಳು ಹೆಚ್ಚಾಗಿದ್ದವು. ಆ ತುಂಡಾದ ಜಾಗದ ಜೀನಿಗೆ 2000ದಲ್ಲಿ ಡಿಸ್ಕ್-1 ಎಂದು ಹೆಸರಿಟ್ಟರು, ಬಹಳ ನಿರೀಕ್ಷೆ ಹುಟ್ಟಿತು. ಆದರೆ ಆಮೇಲೆ ಸಾವಿರಾರು ರೋಗಿಗಳನ್ನು ನೋಡಿದಾಗ ಆ ಜೀನ್ ಸಾಮಾನ್ಯ ರೋಗಿಗಳ ಕಾಯಿಲೆಯನ್ನು ವಿವರಿಸಲಿಲ್ಲ.

ನೀರಿಗಾಗಿ ಗುಡ್ಡ ಕೊರೆದು ಮಾಡಿದ ನಮ್ಮ ಊರಿನ ಸುರಂಗವನ್ನು ನೆನಪಿಸಿಕೊಳ್ಳಿ. ಗುಡ್ಡದ ಒಳಗೆ ಬಗ್ಗಿ ಹೋದರೆ ಅಲ್ಲಿ ಒಂದೇ ಒಂದು ದೊಡ್ಡ ಬುಗ್ಗೆ ಇರುವುದಿಲ್ಲ. ಮುರಕಲ್ಲಿನ ಎರಡೂ ಗೋಡೆಯಲ್ಲಿ, ಮಾಡಿನಲ್ಲಿ, ನೂರಾರು ಕಡೆ ಹನಿಹನಿಯಾಗಿ ಒಸರುತ್ತದೆ. ಹೊರಗೆ ಹರಿಯುವಾಗ ಅದು ಒಂದು ತೊರೆ. ಯಾವ ಒಸರನ್ನು ಮುಚ್ಚಿದರೂ ತೊರೆ ನಿಲ್ಲುವುದಿಲ್ಲ. ಸ್ಕಿಜೋಫ್ರೇನಿಯಾದ ಆನುವಂಶಿಕ ಅಪಾಯ ಹೆಚ್ಚಿನವರಲ್ಲಿ ಇರುವುದು ಹೀಗೆಯೇ. 2014ರಲ್ಲಿ 36,989 ರೋಗಿಗಳನ್ನು ಪರೀಕ್ಷಿಸಿದಾಗ ಡಿಎನ್‌ಎಯ 108 ಜಾಗಗಳು ಸಿಕ್ಕವು. 2022ರಲ್ಲಿ 76,755 ರೋಗಿಗಳನ್ನು 2,43,649 ಇತರರೊಂದಿಗೆ ಹೋಲಿಸಿದಾಗ ಅದು 287 ಆಯಿತು. ಬಹುಪಾಲು ಜಾಗಗಳು ಅಪಾಯವನ್ನು ಶೇಕಡಾ 5ರಿಂದ 10ರಷ್ಟು ಮಾತ್ರ ಏರಿಸುತ್ತವೆ. ಅಂದರೆ ನೂರಕ್ಕೆ 1 ಇದ್ದದ್ದು 1.05 ಅಥವಾ 1.1 ಆಗುತ್ತದೆ. ಇವು ಹೊರಗಿನಿಂದ ಬಂದ ಕೆಟ್ಟ ಜೀನುಗಳಲ್ಲ, ಇಲ್ಲಿ ಕುಳಿತ ನಮ್ಮೆಲ್ಲರ ಮೈಯಲ್ಲೂ ಇವುಗಳಲ್ಲಿ ಅನೇಕವು ಇವೆ. ಕೆಲವರಲ್ಲಿ ಒಸರು ಸ್ವಲ್ಪ ಹೆಚ್ಚು, ಅಷ್ಟೇ.

ಈ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ ಎಂದು ತಿಳಿದರೆ ನಾಳೆ ಪತ್ರಿಕೆಯಲ್ಲಿ ಬರುವ ‘ಹುಚ್ಚಿನ ಜೀನ್ ಪತ್ತೆ’ ಎಂಬ ತಲೆಬರಹವನ್ನು ನೀವೇ ತೂಗಿ ನೋಡಬಹುದು. ಸ್ವಲ್ಪ ರಕ್ತ ಅಥವಾ ಎಂಜಲು ತೆಗೆದು ಡಿಎನ್‌ಎ ಬೇರ್ಪಡಿಸುತ್ತಾರೆ. ಬೆರಳಗಲದ ಪರೀಕ್ಷಾ ಚಿಪ್‌ನ ಮೇಲೆ ಅದನ್ನು ಹಾಯಿಸಿ ಲಕ್ಷಗಟ್ಟಲೆ ಜಾಗಗಳಲ್ಲಿ ಅದರ ನಾಲ್ಕು ರಾಸಾಯನಿಕ ಅಕ್ಷರಗಳಲ್ಲಿ ಯಾವ ಅಕ್ಷರ ಇದೆ ಎಂದು ಓದುತ್ತಾರೆ. ನಡುವಿನ ಓದದ ಜಾಗಗಳನ್ನು ಕಂಪ್ಯೂಟರ್ ಲೆಕ್ಕದಿಂದ ತುಂಬುತ್ತಾರೆ. ಆಮೇಲೆ ಒಂದೊಂದು ಜಾಗಕ್ಕೂ ಒಂದೇ ಪ್ರಶ್ನೆ: ಈ ಅಕ್ಷರ ರೋಗಿಗಳಲ್ಲಿ ಹೆಚ್ಚಿದೆಯೇ? ಹತ್ತು ಲಕ್ಷ ಸಲ ನಾಣ್ಯ ಚಿಮ್ಮಿದರೆ ಆಕಸ್ಮಿಕವಾಗಿಯೇ ಸಾವಿರಾರು ವಿಚಿತ್ರ ಫಲಿತಾಂಶ ಬರುತ್ತವೆ. ಅದಕ್ಕೆ ಇಲ್ಲಿ ‘ಸಿಕ್ಕಿತು’ ಎನ್ನಲು ಆಕಸ್ಮಿಕದ ಸಾಧ್ಯತೆ ಎರಡು ಕೋಟಿಯಲ್ಲಿ ಒಂದಕ್ಕಿಂತ ಕಡಿಮೆ ಇರಬೇಕು ಎಂಬ ಕಟ್ಟುನಿಟ್ಟು. ಹಿಂದೆ ಐವತ್ತು, ನೂರು ರೋಗಿಗಳ ಅಧ್ಯಯನಗಳು ಘೋಷಿಸಿದ ಜೀನುಗಳಲ್ಲಿ ಬಹುಪಾಲು ಉಳಿಯದೆ ಹೋದದ್ದು ಈ ಕಟ್ಟುನಿಟ್ಟು ಇಲ್ಲದ್ದರಿಂದ.

ಇನ್ನೊಂದು ಬಲೆ ಜನರ ಮೂಲದ್ದು. ರೋಗಿಗಳನ್ನೆಲ್ಲ ಕಾಸರಗೋಡಿನಿಂದಲೂ ಹೋಲಿಕೆಗೆ ಆರೋಗ್ಯವಂತರನ್ನೆಲ್ಲ ದೆಹಲಿಯಿಂದಲೂ ತಂದರೆ ಸಾವಿರಾರು ವ್ಯತ್ಯಾಸಗಳು ಸಿಗುತ್ತವೆ. ಅವು ಕರಾವಳಿಯವರಿಗೂ ಉತ್ತರದವರಿಗೂ ಇರುವ ವ್ಯತ್ಯಾಸಗಳು, ಕಾಯಿಲೆಯವಲ್ಲ. ಲೆಕ್ಕದಲ್ಲಿ ಇದನ್ನು ಸರಿಪಡಿಸುವ ವಿಧಾನ ಇದೆ, ಆದರೆ ನಮ್ಮ ಜನರ ಮಾದರಿಗಳೇ ಕಡಿಮೆ ಇದ್ದರೆ ವಿಧಾನ ಇದ್ದು ಏನು ಮಾಡುವುದು? ಇಷ್ಟರವರೆಗಿನ ಮಾದರಿಗಳಲ್ಲಿ ಹೆಚ್ಚಿನವು ಯೂರೋಪ್ ಮೂಲದವರದ್ದು.

ಒಸರುಗಳ ಜೊತೆಗೆ ಕೆಲವೇ ಮನೆಗಳಲ್ಲಿ ದೊಡ್ಡ ಬಿರುಕುಗಳೂ ಇವೆ. 22ನೇ ವರ್ಣತಂತುವಿನ ಒಂದು ತುಂಡು, ಸುಮಾರು 30 ಲಕ್ಷ ಅಕ್ಷರಗಳಷ್ಟು, ಕಾಣೆಯಾಗುವುದು ಅದರಲ್ಲಿ ಮುಖ್ಯ. ಅದನ್ನು 22ಕ್ಯೂ11 ಲೋಪ ಎನ್ನುತ್ತಾರೆ. ಕೆಲವು ಸಾವಿರ ಶಿಶುಗಳಲ್ಲಿ ಒಂದಕ್ಕೆ ಇದು ಇರುತ್ತದೆ. ಹತ್ತರಲ್ಲಿ ಒಂಬತ್ತು ಸಲ ತಂದೆತಾಯಿಯಲ್ಲಿ ಇಲ್ಲದೆ ಹೊಸದಾಗಿಯೇ ಆಗುತ್ತದೆ. ಇದ್ದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ದೊಡ್ಡವರಾಗುವಾಗ ಸ್ಕಿಜೋಫ್ರೇನಿಯಾ ಬರುತ್ತದೆ. 2022ರಲ್ಲಿಯೇ ಬಂದ ಇನ್ನೊಂದು ಅಧ್ಯಯನ ಒಂದೇ ಜೀನ್ ಕೆಟ್ಟರೂ ಅಪಾಯ ಬಹಳ ಏರುವಂಥ 10 ಜೀನುಗಳನ್ನು ಗುರುತಿಸಿತು. ಅವುಗಳಲ್ಲಿ ಗ್ರಿನ್2ಎ ಎಂಬುದು ನರಕೋಶಗಳು ಗ್ಲುಟಮೇಟ್ ಎಂಬ ರಾಸಾಯನಿಕದ ಸಂಕೇತವನ್ನು ಹಿಡಿಯುವ ಬಾಗಿಲಿನ ಒಂದು ಭಾಗವನ್ನು ಕಟ್ಟುವ ಜೀನ್. ಅದೇ ಬಾಗಿಲನ್ನು ಕೆಟಮಿನ್ ಎಂಬ ಅರಿವಳಿಕೆ ಔಷಧಿ ಮುಚ್ಚಿದಾಗ ಆರೋಗ್ಯವಂತರಿಗೂ ಸ್ವಲ್ಪ ಹೊತ್ತು ಭ್ರಮೆಗಳು ಬರುತ್ತವೆ. ಬೇರೆ ಬೇರೆ ದಾರಿಯಲ್ಲಿ ಹೋದವರು ಒಂದೇ ಬಾಗಿಲ ಮುಂದೆ ಬಂದು ನಿಂತಂತಾಯಿತು. ಇಂಥ ಜೀನ್ ದೋಷಗಳು ಬಹಳ ವಿರಳ.

ಒಟ್ಟು ಪಟ್ಟಿಯನ್ನು ನೋಡಿದರೆ ಹೆಚ್ಚಿನ ಜೀನುಗಳು ಕೆಲಸ ಮಾಡುವುದು ನರಕೋಶಗಳಲ್ಲಿ, ಅದರಲ್ಲೂ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ನರಸಂಧಿಯಲ್ಲಿ. ಈ ಜಾಗವನ್ನು ಹತ್ತಿರದಿಂದ ನೋಡೋಣ. ನರಕೋಶದ ಗೆಲ್ಲುಗಳ ಮೇಲೆ ಸಣ್ಣ ಸಣ್ಣ ಮೊಗ್ಗುಗಳಿರುತ್ತವೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿನಷ್ಟು ಗಾತ್ರ. ಇನ್ನೊಂದು ನರಕೋಶದ ತುದಿ ಬಂದು ಸುದ್ದಿ ಕೊಡುವುದು ಈ ಮೊಗ್ಗಿಗೆ. ಎಳವೆಯಲ್ಲಿ ಇವು ಬೇಕಾದ್ದಕ್ಕಿಂತ ಹೆಚ್ಚು ಹುಟ್ಟುತ್ತವೆ. ಹದಿಹರೆಯದಲ್ಲಿ ಮಿದುಳು ಬೇಡದ್ದನ್ನು ಸವರುತ್ತದೆ, ಮಲ್ಲಿಗೆ ಗಿಡದ ಗೆಲ್ಲು ಸವರಿದ ಹಾಗೆ. ಸರಿಯಾಗಿ ಸವರಿದರೆ ಹೂ ಹೆಚ್ಚು. ಅಳತೆ ಮೀರಿ ಸವರಿದರೆ ಗಿಡ ಸೊರಗುತ್ತದೆ.

ಸವರುವ ಕೆಲಸದಲ್ಲಿ ಪಾಲ್ಗೊಳ್ಳುವ ಒಂದು ಪ್ರೋಟೀನಿನ ಹೆಸರು ಸಿ4. ದೇಹದ ಉಳಿದ ಕಡೆ ರೋಗಾಣುವಿಗೆ ಗುರುತು ಹಚ್ಚುವುದು ಇದರ ಕೆಲಸ. ಹಚ್ಚಿದ್ದನ್ನು ಭಕ್ಷಕ ಕೋಶಗಳು ತಿನ್ನುತ್ತವೆ. ಮಿದುಳಿನಲ್ಲಿ ಇದೇ ಏರ್ಪಾಡು ಬೇಡದ ನರಸಂಧಿಗೆ ಗುರುತು ಹಾಕುತ್ತದೆ, ಮೈಕ್ರೋಗ್ಲಿಯಾ ಎಂಬ ಕೋಶಗಳು ಬಂದು ತೆಗೆಯುತ್ತವೆ. 6ನೇ ವರ್ಣತಂತುವಿನಲ್ಲಿರುವ ಈ ಜೀನಿನ ಪ್ರತಿಗಳು ಎಲ್ಲರಲ್ಲೂ ಒಂದೇ ಸಂಖ್ಯೆಯಲ್ಲಿಲ್ಲ, ಉದ್ದದಲ್ಲೂ ವ್ಯತ್ಯಾಸವಿದೆ. ಸಿ4ಎ ಎಂಬ ಬಗೆಯನ್ನು ಮಿದುಳಿನಲ್ಲಿ ಹೆಚ್ಚು ತಯಾರಿಸುವ ಜೋಡಣೆ ಇದ್ದವರಿಗೆ ಅಪಾಯ ಹೆಚ್ಚು ಎಂದು ಸ್ಟೀವನ್ ಮೆಕ್ಯಾರೊಲ್, ಬೆತ್ ಸ್ಟೀವನ್ಸ್ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದರು. ಸಿ4 ಇಲ್ಲದ ಇಲಿಗಳಲ್ಲಿ ಸವರುವಿಕೆ ಕಡಿಮೆಯಾಯಿತು. ತೀರಿಹೋದ ರೋಗಿಗಳ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು ಹಣೆಯ ಹಿಂದಿನ ಭಾಗದಲ್ಲಿ ಈ ಮೊಗ್ಗುಗಳು ಕಡಿಮೆ ಇವೆ ಎಂದು ಮೊದಲೇ ಬರೆದಿದ್ದರು. ಕಾಯಿಲೆ ಹದಿಹರೆಯದ ಕೊನೆಗೇ ಏಕೆ ಎಂಬುದಕ್ಕೂ ಇದು ಹೊಂದುತ್ತದೆ. ನಮಗೆ ಇದು ಒಪ್ಪುವಂಥ, ಬಲವಾದ ಊಹೆ. ಆದರೆ ಅತಿ ಹೆಚ್ಚು ಅಪಾಯದ ಸಿ4 ಜೋಡಣೆಯೂ ಏರಿಸುವುದು 1ರಿಂದ ಸುಮಾರು 1.3ಕ್ಕೆ ಎಂಬುದನ್ನು ಮರೆಯಬಾರದು. ಸುರಂಗದ ಒಸರುಗಳಲ್ಲಿ ಇದು ಸ್ವಲ್ಪ ದಪ್ಪ ಒಸರು.

ಇನ್ನು ಸ್ಕ್ಯಾನ್. “ಮಂಗಳೂರಿಗೆ ಹೋಗಿ ಎಂಆರ್‌ಐ ಮಾಡಿಸಿದೆವು, ನಾರ್ಮಲ್ ಎಂದು ಬಂತು, ಹಾಗಾದರೆ ಕಾಯಿಲೆ ಇಲ್ಲವಲ್ಲ?” ಎಂಬುದು ಎಲ್ಲರ ಪ್ರಶ್ನೆ.

1976ರಲ್ಲಿ ಲಂಡನ್ನಿನಲ್ಲಿ ಈವ್ ಜಾನ್‌ಸ್ಟನ್ ಮತ್ತು ಸಂಗಡಿಗರು ಆಗಷ್ಟೇ ಬಂದಿದ್ದ ಸಿಟಿ ಸ್ಕ್ಯಾನಿನಲ್ಲಿ ದೀರ್ಘಕಾಲದ ರೋಗಿಗಳ ಮಿದುಳಿನ ಒಳಗಿನ ನೀರುಗೂಡುಗಳು ಹಿಗ್ಗಿರುವುದನ್ನು ಕಂಡರು. 2016ರಲ್ಲಿ ಎನಿಗ್ಮಾ ಎಂಬ ಅಂತಾರಾಷ್ಟ್ರೀಯ ಕೂಟ 2,028 ರೋಗಿಗಳ ಎಂಆರ್‌ಐಯನ್ನು 2,540 ಆರೋಗ್ಯವಂತರದ್ದರ ಜೊತೆ ಇಟ್ಟು ಅಳೆಯಿತು. ನೆನಪನ್ನು ನೋಡಿಕೊಳ್ಳುವ ಹಿಪ್ಪೋಕ್ಯಾಂಪಸ್ ಎಲ್ಲಕ್ಕಿಂತ ಹೆಚ್ಚು ಕಿರಿದಾಗಿತ್ತು. ಮಿದುಳಿನ ಒಳಗಿನ ಬೇರೆ ಭಾಗಗಳಾದ ಅಮಿಗ್ಡಾಲ, ಥಲಾಮಸ್ ಕೂಡ ಸಣ್ಣದು, ನೀರುಗೂಡು ದೊಡ್ಡದು. 2018ರಲ್ಲಿ 4,474 ರೋಗಿಗಳಲ್ಲಿ ಮಿದುಳಿನ ಹೊರಪದರ ತೆಳುವಾಗಿರುವುದು, ಹಣೆಯ ಮತ್ತು ಕಿವಿಯ ಬದಿಯ ಭಾಗಗಳಲ್ಲಿ ಹೆಚ್ಚು ತೆಳುವಾಗಿರುವುದು ಕಂಡಿತು.

ಈ ‘ಕಿರಿದು’, ‘ತೆಳು’ ಎಷ್ಟು? ಒಂದು ಬದಿಯ ಹಿಪ್ಪೋಕ್ಯಾಂಪಸ್ ಮೂರೂವರೆ ಮಿಲಿಲೀಟರ್ ಆಸುಪಾಸು. ರೋಗಿಗಳಲ್ಲಿ ಸರಾಸರಿ ಶೇಕಡಾ 4ರಷ್ಟು ಕಡಿಮೆ ಎಂದರೆ ಡ್ರಾಪರಿನಲ್ಲಿ ಮೂರು ಹನಿ. ಆರೋಗ್ಯವಂತರ ನಡುವೆಯೇ ಇದಕ್ಕಿಂತ ಎಷ್ಟೋ ದೊಡ್ಡ ಅಂತರ ಇರುತ್ತದೆ. ಒಬ್ಬ ರೋಗಿ, ಒಬ್ಬ ಆರೋಗ್ಯವಂತ ಎಂದು ಕಣ್ಣುಮುಚ್ಚಿ ನೂರು ಜೋಡಿ ಆರಿಸಿದರೆ ಸುಮಾರು 63 ಜೋಡಿಗಳಲ್ಲಿ ರೋಗಿಯದ್ದು ಸಣ್ಣದಿರುತ್ತದೆ, 37ರಲ್ಲಿ ಆರೋಗ್ಯವಂತನದ್ದೇ ಸಣ್ಣದು. ಹೊರಪದರದ ದಪ್ಪ ಸರಾಸರಿ ಎರಡೂವರೆ ಮಿಲಿಮೀಟರ್, ವ್ಯತ್ಯಾಸ ಒಂದು ಕೂದಲೆಳೆಯಷ್ಟು. ಎಂಆರ್‌ಐ ಚಿತ್ರದ ಒಂದು ಚುಕ್ಕೆಯೇ ಸಾಮಾನ್ಯವಾಗಿ ಒಂದು ಮಿಲಿಮೀಟರ್. ಸಾವಿರಾರು ಜನರ ಸರಾಸರಿಯಲ್ಲಿ ಮೂಡುವ ಈ ವ್ಯತ್ಯಾಸ ಒಬ್ಬರ ಫಿಲ್ಮಿನಲ್ಲಿ ಕಾಣುವಂಥದ್ದಲ್ಲ. 1990ರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ ಇದ್ದ 15 ಜೋಡಿ ತದ್ರೂಪಿ ಅವಳಿಗಳ ಸ್ಕ್ಯಾನ್ ನೋಡಿದಾಗ 14 ಜೋಡಿಗಳಲ್ಲಿ ರೋಗಿಯ ಎಡ ಹಿಪ್ಪೋಕ್ಯಾಂಪಸ್ಸಿನ ಮುಂಭಾಗ ಸಣ್ಣದಿತ್ತು. ಅಳತೆಗೋಲಾಗಿ ಪಕ್ಕದಲ್ಲೇ ಅವಳಿ ಇದ್ದುದರಿಂದ ಅದು ಅಷ್ಟು ಸ್ಪಷ್ಟವಾಯಿತು. ಇಲ್ಲಿ ಇನ್ನೊಂದು ಮಾತೂ ಇದೆ. ಇಬ್ಬರ ಡಿಎನ್‌ಎ ಒಂದೇ ಆಗಿದ್ದರೂ ಮಿದುಳು ಬೇರೆಯಾಗಿತ್ತು. ಆ ಸಣ್ಣತನ ಪೂರ್ತಿ ವಂಶವಾಹಿಯಿಂದ ಬಂದದ್ದಲ್ಲ.

ಇಲ್ಲಿಯೇ ಬಹಳ ಮಂದಿ ಎಡವುತ್ತಾರೆ. ಕಾಯಿಲೆ ವಂಶವಾಹಿಯಿಂದ, ಮಿದುಳು ಸಣ್ಣದಾಗುವುದೂ ಕಾಯಿಲೆಯಿಂದ, ಆದ್ದರಿಂದ ವಂಶವಾಹಿಯೇ ಮಿದುಳನ್ನು ಸಣ್ಣದಾಗಿಸುತ್ತದೆ ಎಂದು ನೇರ ಗೆರೆ ಎಳೆಯುತ್ತಾರೆ. 2016ರಲ್ಲಿ ಕಾಯಿಲೆಯ ಜೀನ್ ಜಾಗಗಳನ್ನೂ ಹಿಪ್ಪೋಕ್ಯಾಂಪಸ್ ಮೊದಲಾದ ಒಳಭಾಗಗಳ ಗಾತ್ರ ನಿರ್ಧರಿಸುವ ಜೀನ್ ಜಾಗಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಒಟ್ಟಾರೆ ಹೊಂದಾಣಿಕೆ ಸಿಗಲಿಲ್ಲ. ಹೊರಪದರದಲ್ಲಿ ಸಣ್ಣ ನಂಟು ಕಂಡಿದೆ. ಬಹಳ ಜನರ ಡಿಎನ್‌ಎ ಮತ್ತು ಆರೋಗ್ಯದ ವಿವರ ಕೂಡಿಟ್ಟ ಬ್ರಿಟನ್ನಿನ ಬಯೋಬ್ಯಾಂಕಿನಲ್ಲಿ, ಅಪಾಯದ ಜಾಗಗಳನ್ನೆಲ್ಲ ಕೂಡಿಸಿದ ಒಸರಿನ ಒಟ್ಟು ಅಂಕ ಹೆಚ್ಚಿದ್ದವರಲ್ಲಿ ಹೊರಪದರ ಅತಿ ಸ್ವಲ್ಪ ತೆಳುವಾಗಿತ್ತು. ನಮ್ಮ ಅಭಿಪ್ರಾಯದಲ್ಲಿ ಇದು ಸಹಜವೇ. ಸಾಮಾನ್ಯ ಜೀನ್ ಬದಲಾವಣೆಗಳು ಕೆಲಸ ಮಾಡುವುದು ನರಸಂಧಿಯಲ್ಲಿ, ಎಂಆರ್‌ಐಯ ಒಂದು ಚುಕ್ಕೆಯೊಳಗೆ ಅಂಥವು ಕೋಟಿಗಟ್ಟಲೆ. ಗುಡ್ಡದ ಮೇಲಿನಿಂದ ತೋಟ ನೋಡಿ ಅಡಿಕೆಯ ಯಾವ ಸಿಂಗಾರ (ಹೂಗೊಂಚಲು) ಒಣಗಿದೆ ಎಂದು ಹೇಳಲು ಆಗುತ್ತದೆಯೇ?

ದೊಡ್ಡ ಬಿರುಕುಗಳ ಕತೆ ಬೇರೆ, ಅವು ಮಿದುಳಿನ ಆಕಾರದಲ್ಲೇ ಕಾಣುತ್ತವೆ. 22ಕ್ಯೂ11 ಲೋಪ ಇರುವವರಲ್ಲಿ ಹೊರಪದರದ ಹರವು ಕಡಿಮೆ, ಆದರೆ ದಪ್ಪ ಸಾಮಾನ್ಯಕ್ಕಿಂತ ಹೆಚ್ಚು. ಅವರಲ್ಲೇ ಮನೋವಿಕಲತೆ (ಭ್ರಮೆ, ಸುಳ್ಳು ನಂಬಿಕೆಗಳ ಸ್ಥಿತಿ) ಬಂದವರದ್ದು ಬರದವರಿಗಿಂತ ತೆಳು. 16ನೇ ವರ್ಣತಂತುವಿನ ಒಂದು ತುಂಡು ಕನ್ನಡಿಯ ಹಾಗೆ ವರ್ತಿಸುತ್ತದೆ. ಆ ತುಂಡು ಕಾಣೆಯಾದರೆ ತಲೆ ಮತ್ತು ಮಿದುಳು ದೊಡ್ಡದು, ಅದೇ ತುಂಡು ಇಮ್ಮಡಿಯಾದರೆ ಸಣ್ಣದು. ಸ್ಕಿಜೋಫ್ರೇನಿಯಾದ ಅಪಾಯ ಏರುವುದು ಇಮ್ಮಡಿಯಾದಾಗ.

ಸ್ಕ್ಯಾನಿನ ಅಳತೆ ತಪ್ಪುವ ಕಾರಣಗಳೂ ಇವೆ. ಯಂತ್ರದೊಳಗೆ ತಲೆ ಒಂದಿಷ್ಟು ಅಲುಗಾಡಿದರೆ ಹೊರಪದರ ಇದ್ದದ್ದಕ್ಕಿಂತ ತೆಳುವಾಗಿ ಅಳತೆಗೆ ಬರುತ್ತದೆ, ಅಸ್ವಸ್ಥರು ಸ್ವಾಭಾವಿಕವಾಗಿಯೇ ಹೆಚ್ಚು ಅಲುಗಾಡುತ್ತಾರೆ. ಬೇರೆ ಬೇರೆ ಯಂತ್ರಗಳ ಅಳತೆ ಹೊಂದುವುದಿಲ್ಲ. ಕುಡಿತ, ಬೀಡಿ–ಸಿಗರೇಟು ಕೂಡ ಮಿದುಳಿನ ಅಳತೆಯನ್ನು ಬದಲಿಸುತ್ತವೆ. ಔಷಧಿಯ ಪಾಲೂ ಉಂಟು. ಆರೋಗ್ಯವಂತ ಮಂಗಗಳಿಗೆ ಈ ಕಾಯಿಲೆಯ ಔಷಧಿಗಳಾದ ಹ್ಯಾಲೊಪೆರಿಡಾಲ್ ಅಥವಾ ಒಲಾಂಜಪಿನ್ ಅನ್ನು 17ರಿಂದ 27 ತಿಂಗಳು ಕೊಟ್ಟಾಗ ಮಿದುಳಿನ ತೂಕ ಶೇಕಡಾ 8ರಿಂದ 11 ಕಡಿಮೆಯಾಯಿತು. ಇದನ್ನು ಕೇಳಿ ಯಾರೂ ಮನೆಗೆ ಹೋಗಿ ಮಾತ್ರೆ ನಿಲ್ಲಿಸಬಾರದು. ಮಾತ್ರೆ ಬಿಟ್ಟವರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು, ಪ್ರತಿ ಮರುಕಳಿಕೆಯೂ ಓದು, ಕೆಲಸ, ಕೆಲವೊಮ್ಮೆ ಜೀವವನ್ನೇ ಕಸಿಯುತ್ತದೆ. ವೈದ್ಯರ ಹತ್ತಿರ ಕೇಳಬೇಕಾದ ಪ್ರಶ್ನೆ ಇದು: ಲಕ್ಷಣ ಹತೋಟಿಯಲ್ಲಿಡುವ ಅತಿ ಕಡಿಮೆ ಪ್ರಮಾಣ ಎಷ್ಟು?

ಹಾಗಾದರೆ ಸ್ಕ್ಯಾನ್ ಬೇಡವೇ? ಬೇಕಾಗುವ ಸಂದರ್ಭಗಳಿವೆ. ಜ್ವರದ ಜೊತೆ ಭ್ರಮೆ ಬಂದರೆ, ಫಿಟ್ಸ್ ಬಂದರೆ, ಕೆಲವೇ ದಿನಗಳಲ್ಲಿ ಗುರುತು–ಜಾಗ–ಹೊತ್ತು ಎಲ್ಲ ತಪ್ಪಿದರೆ, ಕಲ್ಲಿನಂತೆ ಸೆಟೆದು ಕೂತರೆ, ತಲೆಗೆ ಪೆಟ್ಟಾದ ಮೇಲೆ ಶುರುವಾದರೆ, ಐವತ್ತರ ನಂತರ ಮೊದಲ ಸಲ ಕಂಡರೆ. ಆಗ ಸ್ಕ್ಯಾನ್ ಹುಡುಕುವುದು ಗೆಡ್ಡೆ, ಮಿದುಳುಜ್ವರ ಇತ್ಯಾದಿ ಬೇರೆ ಕಾರಣಗಳನ್ನು. ನಾರ್ಮಲ್ ಬಂದರೆ ಆ ಕಾರಣಗಳು ಕಂಡಿಲ್ಲ ಎಂದಷ್ಟೇ ಅರ್ಥ. ಸ್ಕಿಜೋಫ್ರೇನಿಯಾ ಉಂಟೋ ಇಲ್ಲವೋ ಎಂದು ಹೇಳುವುದು ತಾಳ್ಮೆಯಿಂದ ಮಾತಾಡಿಸಿ ಕೇಳಿದ ವಿವರ.

ವಂಶವಾಹಿ ಪರೀಕ್ಷೆಯ ವಿಷಯವೂ ಹೀಗೆಯೇ. ಎಂಜಲು ಕಳಿಸಿದರೆ ಮನೋರೋಗದ ಅಪಾಯದ ಅಂಕ ಕೊಡುತ್ತೇವೆ ಎಂಬ ಜಾಹೀರಾತಿಗೆ ಹಣ ಹಾಕಬೇಡಿ. ಯೂರೋಪ್ ಮೂಲದವರಲ್ಲಿ ಕೂಡ ಆ ಅಂಕ ಅಪಾಯದ ಶೇಕಡಾ 7ರಷ್ಟನ್ನು ಮಾತ್ರ ವಿವರಿಸುತ್ತದೆ, ಇತರ ಮೂಲದವರಲ್ಲಿ ಅದಕ್ಕಿಂತ ಕಡಿಮೆ. ಅತಿ ಹೆಚ್ಚು ಅಂಕ ಪಡೆದ ನೂರರಲ್ಲೊಬ್ಬರಿಗೆ ಉಳಿದವರಿಗಿಂತ ಐದಾರು ಪಟ್ಟು ಅಪಾಯ ಎಂದು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ನೂರಕ್ಕೆ 1ರ ಐದಾರು ಪಟ್ಟು ಎಂದರೆ 5 ಅಥವಾ 6. ಆ ಗುಂಪಿನಲ್ಲೂ 94 ಮಂದಿ ಆರೋಗ್ಯವಾಗಿ ಇರುತ್ತಾರೆ.

ನಾವು ಒತ್ತಿ ಹೇಳುವುದು 22ಕ್ಯೂ11 ಪರೀಕ್ಷೆಯನ್ನು. ಮೊದಲು ಹೇಳುತ್ತೇವೆ ಎಂದದ್ದು ಇದನ್ನೇ. ಕಾಯಿಲೆ ಇರುವವರಲ್ಲಿ ಹುಟ್ಟುವಾಗಲೇ ಹೃದಯದ ತೊಂದರೆ ಇತ್ತೇ, ಎಳವೆಯಲ್ಲಿ ಹೃದಯದ ಆಪರೇಷನ್ ಆಗಿದೆಯೇ ನೋಡಿ. ಅಂಗುಳ ಸೀಳಿದ್ದು, ಮೂಗಿನಿಂದ ಬರುವ ಮಾತು, ಕ್ಯಾಲ್ಸಿಯಂ ಇಳಿದು ಬಂದ ಫಿಟ್ಸ್, ಪದೇ ಪದೇ ಸೋಂಕು, ಕಲಿಕೆಯಲ್ಲಿ ಹಿಂದೆ ಬಿದ್ದದ್ದು, ಇವುಗಳಲ್ಲಿ ಎರಡು ಕೂಡಿದರೂ ವೈದ್ಯರಿಗೆ ತಿಳಿಸಿ. ಸಾಮಾನ್ಯ ವರ್ಣತಂತು ಪರೀಕ್ಷೆಯಾದ ಕ್ಯಾರಿಯೊಟೈಪಿನಲ್ಲಿ ಈ ಲೋಪ ತಪ್ಪಿಹೋಗುತ್ತದೆ. ಫಿಶ್ ಅಥವಾ ಮೈಕ್ರೋಅರೇ ಪರೀಕ್ಷೆ ಎಂದೇ ಬರೆಸಬೇಕು. ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆ. ಕ್ಯಾಲ್ಸಿಯಂ ಮತ್ತು ಥೈರಾಯ್ಡ್ ವರ್ಷವರ್ಷ ನೋಡಬೇಕು. ಸ್ಕಿಜೋಫ್ರೇನಿಯಾದ ಔಷಧಿಯಾದ ಕ್ಲೊಜಪಿನ್ ಕೊಡುವುದಾದರೆ ಇವರಲ್ಲಿ ಫಿಟ್ಸ್ ಬರುವ ಸಾಧ್ಯತೆ ಹೆಚ್ಚು, ಪ್ರಮಾಣವನ್ನು ನಿಧಾನವಾಗಿ ಏರಿಸಬೇಕು. ಇವರ ಪ್ರತಿ ಮಗುವಿಗೂ ಲೋಪ ದಾಟುವ ಸಾಧ್ಯತೆ ಅರ್ಧಕ್ಕರ್ಧ.

ಹೊರಗಿನ ಕಾರಣಗಳಲ್ಲಿ ನಮ್ಮ ಕೈಯಲ್ಲಿರುವುದನ್ನು ಮಾತ್ರ ಹೇಳುತ್ತೇವೆ. ಯೂರೋಪಿನ ದೊಡ್ಡ ಅಧ್ಯಯನವೊಂದರಲ್ಲಿ ದಿನಾ ಗಾಂಜಾ ಸೇದುವವರಲ್ಲಿ ಮನೋವಿಕಲತೆ ಮೂರು ಪಟ್ಟು, ದಿನಾ ಕಡು ಗಾಂಜಾ ಸೇದುವವರಲ್ಲಿ ಐದು ಪಟ್ಟು ಹತ್ತಿರ ಕಂಡಿತು. ಅಣ್ಣನಿಗೆ ಕಾಯಿಲೆ ಇರುವ ಹುಡುಗನಿಗೆ ಇದನ್ನು ಹೆದರಿಸದೆ, ಆದರೆ ನೇರವಾಗಿ ಹೇಳಿ. ಹೊಟ್ಟೆಯಲ್ಲಿರುವಾಗಿನ ತೊಂದರೆಗಳೂ ಸೇರುತ್ತವೆ. 1944–45ರ ಚಳಿಗಾಲದಲ್ಲಿ ಹಾಲೆಂಡಿನ ಕ್ಷಾಮದ ಹೊತ್ತಿಗೆ ಗರ್ಭದಲ್ಲಿ ಮೂಡಿದ ಮಕ್ಕಳಲ್ಲಿ ಮುಂದೆ ಈ ಕಾಯಿಲೆ ಇಮ್ಮಡಿಯಾಯಿತು. ಗರ್ಭದಲ್ಲಿ, ಹೆರಿಗೆಯಲ್ಲಿ ತೊಂದರೆ ಆದವರಲ್ಲಿ ಜೀನ್ ಒಸರಿನ ಪರಿಣಾಮ ಹೆಚ್ಚು ಎಂದು 2018ರ ಒಂದು ಅಧ್ಯಯನ ಕಂಡಿತು. ಆಶಾ ಅಕ್ಕಂದಿರು ಬಸುರಿಯರ ರಕ್ತದೊತ್ತಡ, ಸಕ್ಕರೆ, ತೂಕ ನೋಡುವುದು ಈ ಲೆಕ್ಕಕ್ಕೂ ಸೇರುವ ಕೆಲಸ.

ಸಂಬಂಧದೊಳಗಿನ ಮದುವೆಯ ಬಗ್ಗೆ ಮೂರು ಮಂದಿ ಕೇಳಿದರು. ಒಂದೇ ಕೆಟ್ಟ ಜೀನ್ ಎರಡೂ ಕಡೆಯಿಂದ ಸೇರಿ ಬರುವ ಕಾಯಿಲೆಗಳಲ್ಲಿ ಸೋದರಸಂಬಂಧ ದೊಡ್ಡ ಅಪಾಯ. ಇಲ್ಲಿ ಜೀನುಗಳೇ ನೂರಾರು, ಆದ್ದರಿಂದ ಲೆಕ್ಕ ಅಷ್ಟು ನೇರ ಅಲ್ಲ. ಆದರೆ ಕಾಯಿಲೆ ಇದ್ದ ಅಜ್ಜಿ ಇಬ್ಬರಿಗೂ ಒಬ್ಬಳೇ ಆಗಿದ್ದರೆ ಆಕೆಯ ಪಾಲು ಮಗುವಿಗೆ ಎರಡು ದಾರಿಯಿಂದ ಬರುತ್ತದೆ ಎಂಬುದು ಗಮನದಲ್ಲಿರಲಿ.

ನಮ್ಮ ದೇಶದ ಜನರ ಮೇಲೆಯೇ ಕೆಲಸ ನಡೆದಿಲ್ಲವೇ? ನಡೆದಿದೆ. ಚೆನ್ನೈಯ ಸ್ಕಾರ್ಫ್ ಎಂಬ ಸ್ಕಿಜೋಫ್ರೇನಿಯಾ ಸಂಶೋಧನಾ ಸಂಸ್ಥೆಯವರು ಆಸ್ಟ್ರೇಲಿಯದ ವಿಜ್ಞಾನಿಗಳ ಜೊತೆ ಸೇರಿ ಮಾಡಿದ, 2019ರಲ್ಲಿ ಬಂದ ಅಧ್ಯಯನ 8ನೇ ವರ್ಣತಂತುವಿನಲ್ಲಿ ನಿಯಾಸಿನ್ ಎಂಬ ಬಿ3 ಜೀವಸತ್ವವನ್ನು ದೇಹ ಬಳಸಿಕೊಳ್ಳುವ ಜೀನಿನ ಕಡೆಗೆ ಬೆರಳು ತೋರಿಸಿತು. ಯೂರೋಪಿನ ಪಟ್ಟಿಯ ನೆರಳಿನಲ್ಲೇ ನಿಲ್ಲದೆ ಇಲ್ಲಿಯ ರಕ್ತದಲ್ಲಿ ಹುಡುಕಿದ್ದರಿಂದ ಸಿಕ್ಕಿದ ಸುಳಿವು ಇದು. ಹಾಗೆಂದು ಬಿ3 ಮಾತ್ರೆ ತಂದು ನುಂಗಿಸಬೇಡಿ. ಜೀನಿನ ಸುಳಿವು ಚಿಕಿತ್ಸೆಯಾಗಲು ಬಹಳ ದಾರಿ ಇದೆ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಒಂದೇ ಮನೆಯ ಹಲವರಿಗೆ ಕಾಯಿಲೆ ಇರುವ ಕುಟುಂಬಗಳನ್ನು ವರ್ಷಗಳ ಕಾಲ ಹಿಂಬಾಲಿಸುವ ಅಧ್ಯಯನ ನಡೆಸಿದೆ. ಇಂಥದ್ದಕ್ಕೆ ಕರೆ ಬಂದರೆ ಒಪ್ಪಿಗೆ ಪತ್ರ ನಿಮ್ಮ ಭಾಷೆಯಲ್ಲಿ ಓದಿಸಿ ಕೇಳಿ, ನಡುವೆ ಬಿಟ್ಟುಬರುವ ಹಕ್ಕು ಇದೆಯೇ ನೋಡಿ, ಆಮೇಲೆ ರಕ್ತ ಕೊಡಿ.

ಕೊನೆಗೆ ಕೆಲಸಕ್ಕೆ ಬರುವ ಒಂದು ಹಾಳೆ. ಆಸ್ಪತ್ರೆಗೆ ಹೋಗುವ ಮೊದಲು ಮನೆಯಲ್ಲಿ ಕುಳಿತು ವಂಶವೃಕ್ಷ ಬರೆಯಿರಿ. ಮೂರು ತಲೆಮಾರು ಸಾಕು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಕಾಯಿಲೆ ಇದ್ದವರದ್ದನ್ನು ಕಪ್ಪು ಮಾಡಿ. ನಮ್ಮ ಜಿಲ್ಲೆಯಲ್ಲಿ ಇಲ್ಲಿ ಒಂದು ತಪ್ಪು ಸದಾ ಆಗುತ್ತದೆ. ಅಳಿಯಸಂತಾನದವರಿಗೆ ‘ಕುಟುಂಬ’ ಎಂದರೆ ತಾಯಿಯ ಕಡೆಯ ತರವಾಡು, ತಂದೆಯ ಅಣ್ಣತಮ್ಮಂದಿರು ಹಾಳೆಯಲ್ಲೇ ಬರುವುದಿಲ್ಲ. ಮಕ್ಕಳಸಂತಾನದವರಲ್ಲಿ ಮದುವೆಯಾಗಿ ಹೋದ ಅತ್ತೆಯಂದಿರೂ ಅವರ ಮಕ್ಕಳೂ ಬಿಟ್ಟುಹೋಗುತ್ತಾರೆ. ವಂಶವಾಹಿ ಎರಡೂ ಕಡೆಯಿಂದ ಸಮಪಾಲು ಬರುತ್ತದೆ, ಎರಡೂ ಕಡೆ ಬರೆಯಿರಿ. ‘ದೈವದ ಉಪದ್ರ’, ‘ಮನೆ ಬಿಟ್ಟು ಹೋದವರು’, ‘ಬಾವಿಗೆ ಬಿದ್ದವರು’ ಎಂದಷ್ಟೇ ನೆನಪಿರುವವರನ್ನೂ ಬಿಡಬೇಡಿ, ಹೇಗೆ ಹೇಳುತ್ತಾರೋ ಹಾಗೆಯೇ ಬರೆಯಿರಿ. ಪ್ರತಿಯೊಬ್ಬರ ಪಕ್ಕದಲ್ಲಿ ಶುರುವಾದ ಪ್ರಾಯ, ತೆಗೆದುಕೊಂಡ ಮಾತ್ರೆ, ಯಾವ ಮಾತ್ರೆಯಿಂದ ಗುಣ ಕಂಡಿತು, ಯಾವುದರಿಂದ ತೊಂದರೆಯಾಯಿತು, ಹೃದಯದ ಆಪರೇಷನ್, ಫಿಟ್ಸ್, ಎಳವೆಯಲ್ಲೇ ತೀರಿಹೋದ ಮಕ್ಕಳು ಇವೆಲ್ಲ ಇರಲಿ. ಪ್ರಾಯ ನೆನಪಿಲ್ಲದಿದ್ದರೆ ಮನೆಯ ಹಿರಿಯ ಹೆಂಗಸರನ್ನು ಕೇಳಿ: ಅದು ಅವನ ಹತ್ತನೆಯ ಪರೀಕ್ಷೆಗೆ ಮೊದಲೋ ಆಮೇಲೋ, ಅಕ್ಕನ ಮದುವೆಗೆ ಮೊದಲೋ ಆಮೇಲೋ. ಹಾಳೆಯ ಎರಡು ಪ್ರತಿ ಮಾಡಿ, ಒಂದನ್ನು ವೈದ್ಯರಿಗೆ ಕೊಡಿ. ಯಾರಿಗೆ ತೋರಿಸುವುದೆಂದು ಗೊತ್ತಾಗದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಹಣ ಕೊಡಬೇಕಾಗಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು.